ಸೇರದ ರಕ್ತ, ಹಳದಿ ಪಾಪು

ನನ್ನ ಮಗಳು ಹುಟ್ಟಿದ ಮರುದಿನ ಬೆಳಿಗ್ಗೆ ಅವಳ ಬಣ್ಣವನ್ನು ಮೊದಲು ಗಮನಿಸಿದವರು ನಮ್ಮಪ್ಪ. ಅಪ್ಪ ಸೇಲಂನಲ್ಲಿ ಕೈಮಗ್ಗದ ನೇಕಾರರು. ಮಗ್ಗದಲ್ಲಿ ಕೂರುವ ಮೊದಲು ಬಹಳ ವರ್ಷ ನೂಲಿಗೆ ಬಣ್ಣ ಅದ್ದುವ ಕೆಲಸದಲ್ಲಿದ್ದರು. ಅದಕ್ಕೇ ಏನನ್ನು ಕಂಡರೂ ಅವರ ಕಣ್ಣು ಮೊದಲು ಬಣ್ಣಕ್ಕೇ ಹೋಗುತ್ತದೆ. ಮದುವೆಗೆ ಹೋಗಿ ಬಂದರೆ ಊಟದ ಮಾತು ಎತ್ತುವುದಿಲ್ಲ. ಹೆಣ್ಣು ಉಟ್ಟಿದ್ದ ಸೀರೆಯ ಅಂಚು ಎರಡು ಒಗೆತಕ್ಕೆ ಬಣ್ಣ ಬಿಡುತ್ತದೆ ಅನ್ನುತ್ತಾರೆ. ಆವತ್ತು ಆಸ್ಪತ್ರೆಯ ಕಿಟಕಿ ಹತ್ತಿರ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ, ಬೆಳಕಿಗೆ ಹಿಡಿದು, ತಮ್ಮ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ, ಕೂಸು ಒಳ್ಳೆ ಚಿನ್ನದ ಬಣ್ಣ ಐತೆ ಅಂದರು.

ಅಮ್ಮ ಹಿಗ್ಗಿಹೋದಳು. ಅದು ನಮ್ಮ ಕಡೆಯ ಬಣ್ಣ, ತನ್ನ ತಾಯಿಯ ಬಣ್ಣ ಎಂದು ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಹೇಳಿಕೊಂಡು ಬಂದಳು. ಸ್ವಲ್ಪ ಹೊತ್ತಿಗೆ ಮಕ್ಕಳ ಡಾಕ್ಟರು ಬಂದರು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಹೆಬ್ಬೆರಳಿನಿಂದ ಕೂಸಿನ ಹಣೆ ಒತ್ತಿ ಬಿಟ್ಟು ನೋಡಿದರು, ಆಮೇಲೆ ಎದೆ, ಆಮೇಲೆ ಹೊಟ್ಟೆ. ನನ್ನ ರಕ್ತದ ಗುಂಪು ಯಾವುದು ಎಂದು ಕೇಳಿದರು. ಓ ಪಾಸಿಟಿವ್ ಅಂದೆ. ಮಗುವಿನದು ಬಿ ಎಂದು ನರ್ಸು ಹೇಳಿದಳು. ಡಾಕ್ಟರು ತಕ್ಷಣ ರಕ್ತ ತೆಗೆಯಲು ಹೇಳಿದರು. ಅಪ್ಪನ ಚಿನ್ನ ಅಷ್ಟರಲ್ಲಿ ಕಾಮಾಲೆಯಾಯಿತು.

ಇಲ್ಲಿ ನಮ್ಮ ಎರಡು ಮನೆಗಳ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಸೇಲಂನ ನೇಕಾರರ ಮಗಳು. ನನ್ನ ಗಂಡನದು ಪಾಲಕೋಡ್ ಪಕ್ಕದ ಹಳ್ಳಿ. ಟೊಮೆಟೊ ಬೆಳೆಯುವ ಮನೆ. ನಾನು ಮೊರಪ್ಪೂರಿನ ಒಂದು ಸ್ಕೂಲಿನಲ್ಲಿ ಟೀಚರಾಗಿದ್ದೆ, ದಿನಾ ಸೇಲಂನಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅವರು ಮೊರಪ್ಪೂರಿನ ಕರೆಂಟ್ ಆಫೀಸಿನಲ್ಲಿದ್ದರು. ಒಂದು ಸಂಜೆ ಸ್ಟೇಷನ್ನಿನಲ್ಲಿ ಅವರು ಯಾರ ಜೊತೆಗೋ ಫೋನಿನಲ್ಲಿ "ಬತ್ತೀನಿ ಕಣವ್ವಾ, ಒಸಿ ಇರು" ಅಂದಿದ್ದು ನನ್ನ ಕಿವಿಗೆ ಬಿತ್ತು. ಸುತ್ತ ತಮಿಳೇ ತುಂಬಿದ್ದ ಆ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕೇಳಿ ತಿರುಗಿ ನೋಡಿದೆ. ಆ ತಿರುಗಿ ನೋಡಿದ್ದು ಮದುವೆವರೆಗೂ ಬಂತು.

ಎರಡು ಮನೆಯವರೂ ಒಪ್ಪಲಿಲ್ಲ. ಜಾತಿ ಬೇರೆ, ಕಸುಬು ಬೇರೆ, ದೇವರು ಬೇರೆ. ಕೊನೆಗೆ ಇಬ್ಬರನ್ನೂ ಮಣಿಸಿದ್ದು ಭಾಷೆ. ಹೋಗಲಿ, ನಮ್ಮ ಮಾತಾಡೋ ಜನ ಎಂದು ಎರಡೂ ಕಡೆಯ ಹಿರಿಯರು ಸಮಾಧಾನ ಮಾಡಿಕೊಂಡರು. ಮದುವೆಯಾದ ಮೇಲೆ ಗೊತ್ತಾಯಿತು, ಅಮ್ಮನಿಗೆ ಅತ್ತೆಯ ಕನ್ನಡ ಕಾಡು ಕನ್ನಡ, ಅತ್ತೆಗೆ ಅಮ್ಮನ ಕನ್ನಡ ಕನ್ನಡವೇ ಅಲ್ಲ. ಇಬ್ಬರಿಗೂ ನಿಜವಾಗಿ ಕೋಪ ಬಂದರೆ ತಮಿಳಿಗೆ ಇಳಿಯುತ್ತಾರೆ, ಯಾಕೆಂದರೆ ಆಗ ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ಅರ್ಥವಾಗಬೇಕು.

ಇನ್ನು ಆಸ್ಪತ್ರೆಗೆ ಬರುತ್ತೇನೆ. ರಕ್ತದ ಫಲಿತಾಂಶ ಬಂದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ತಮಿಳಿನಲ್ಲಿ ಬಿಡಿಸಿ ಹೇಳಿದರು. ತಾಯಿ ಓ, ಮಗು ಬಿ. ಕೆಲವು ಸಲ ಹೀಗಿದ್ದಾಗ ತಾಯಿಯ ರಕ್ತದಲ್ಲಿರುವ ಕಾವಲಿನ ಅಂಶಗಳು ಹೊಟ್ಟೆಯಲ್ಲಿರುವ ಮಗುವಿಗೆ ದಾಟಿ, ಅದರ ಕೆಂಪು ಕಣಗಳನ್ನು ಪರಕೀಯ ಎಂದು ತಿಳಿದು ಒಡೆಯುತ್ತವೆ. ಒಡೆದದ್ದರಿಂದ ಒಂದು ಹಳದಿ ಪದಾರ್ಥ ಹುಟ್ಟುತ್ತದೆ. ಅದು ಜಾಸ್ತಿಯಾದರೆ ಮಿದುಳಿಗೆ, ಕಿವಿಗೆ ತೊಂದರೆ. ನೀಲಿ ಬೆಳಕಿನಲ್ಲಿ ಮಲಗಿಸಿದರೆ ಕರಗಿ ಹೋಗುತ್ತದೆ. ಸಾಮಾನ್ಯವಾಗಿ ಅಷ್ಟರಲ್ಲೇ ಮುಗಿಯುತ್ತದೆ, ಹೆದರಬೇಡಿ ಅಂದರು. ಎಲ್ಲ ಹೇಳಿ ಮುಗಿಸಿ, ಏಳುವಾಗ, ಅಪ್ಪನಿಗೆ ಸುಲಭವಾಗಿ ಅರ್ಥವಾಗಲಿ ಎಂದು ಒಂದೇ ಮಾತಿನಲ್ಲಿ, ಅಮ್ಮನ ರಕ್ತಕ್ಕೂ ಮಗು ರಕ್ತಕ್ಕೂ ಸೇರ್ತಿಲ್ಲ, ಅಷ್ಟೇ ಅಂದರು.

ಪಾಲಕೋಡಿನಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ ನಮ್ಮತ್ತೆ ಸರಿಯಾಗಿ ಆ ಹೊತ್ತಿಗೆ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಟೊಮೆಟೊ ಚೀಲ, ಇನ್ನೊಂದರಲ್ಲಿ ಮೊಮ್ಮಗಳಿಗೆ ಹಾಸಲು ಹಳೆ ಸೀರೆ ಮಡಚಿದ ಗಂಟು. ಅವರು ಕೇಳಿಸಿಕೊಂಡದ್ದು ಆ ಕೊನೆಯ ಮಾತು ಮಾತ್ರ. ಚೀಲ ಕೆಳಗಿಟ್ಟು, ಅಲ್ಲೇ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ನಾ ಅವತ್ತೇ ಯೋಳ್ದೆ," ಅಂದರು.

ಅವತ್ತು ಏನು ಹೇಳಿದ್ದರು ಎಂದು ಯಾರೂ ಕೇಳಲಿಲ್ಲ. ಆದರೂ ಅವರೇ ಹೇಳಿದರು, ಈ ಸಂಬಂಧ ಕೂಡಲ್ಲ ಅಂದಿದ್ದೆ ಎಂದು. ಜಾತಕದಲ್ಲಿ ಗಂಡು ಹೆಣ್ಣಿಗೆ ಹತ್ತು ಪೊರುತ್ತ, ಅಂದರೆ ಹೊಂದಾಣಿಕೆ, ನೋಡಿದ್ದೆವು, ಎಂಟು ಕೂಡಿಬಂದಿತ್ತು, ಜೋಯಿಸನಿಗೆ ದಕ್ಷಿಣೆಯೂ ಕೊಟ್ಟಿದ್ದೆವು, ಆದರೆ ರಕ್ತ ಕೂಡುತ್ತದಾ ಎಂದು ಆ ಮನುಷ್ಯ ಒಂದು ಮಾತು ಹೇಳಲಿಲ್ಲ. ಇನ್ನು ಮೇಲೆ ನಮ್ಮ ಕಡೆ ಯಾರ ಮದುವೆಯಾದರೂ ಹನ್ನೊಂದನೆಯದಾಗಿ ಅದನ್ನೂ ನೋಡಿಸಬೇಕು ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ತೀರ್ಮಾನ ಮಾಡಿದರು. ಅಮ್ಮ ಬಿಡುತ್ತಾಳೆಯೇ. ಹೊಡೆದಾಡುತ್ತಿರುವುದು ನಮ್ಮ ರಕ್ತವಲ್ಲ, ಬಂದು ಸೇರಿಕೊಂಡ ರಕ್ತ, ನಮ್ಮ ರಕ್ತ ತನ್ನ ಪಾಡಿಗೆ ತಾನಿತ್ತು ಅಂದಳು.

ನನ್ನ ಗಂಡನದು ಬಿ ಎಂದು ಮೊದಲೇ ಗೊತ್ತಿತ್ತು, ಆಫೀಸಿನ ಗುರುತಿನ ಚೀಟಿಯಲ್ಲಿ ಅಚ್ಚಾಗಿತ್ತು. ಅತ್ತೆ ಅದನ್ನು ಮನೆತನದ ಹೆಸರಿನ ಹಾಗೆ ಹಿಡಿದುಕೊಂಡರು. ಪಕ್ಕದ ಹಾಸಿಗೆಗೆ ಯಾರು ಬಂದರೂ, ನಮ್ಮದು ಬಿ, ಹಿಂದಿಂದಲೂ ಬಿ, ಮಣ್ಣಲ್ಲಿ ದುಡಿಯೋರ ರಕ್ತ ಎಂದು ಪರಿಚಯ ಹೇಳಿಕೊಳ್ಳುತ್ತಿದ್ದರು. ಅಮ್ಮ ಮಾತ್ರ, ಓ ಅನ್ನೋದು ಯಾರಿಗೆ ಬೇಕಾದರೂ ಕೊಡೋ ರಕ್ತ, ದಾನದ ರಕ್ತ ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದು ಎದುರು ನಿಂತಳು.

ಮಗುವನ್ನು ನೀಲಿ ಬೆಳಕಿನ ಕೋಣೆಗೆ ಒಯ್ದರು. ಗಾಜಿನ ತೊಟ್ಟಿಲು, ಮೇಲೆ ದೀಪಗಳು. ಮೈಮೇಲೆ ಒಂದು ಚಡ್ಡಿ ಬಿಟ್ಟರೆ ಬಟ್ಟೆಯಿಲ್ಲ, ಕಣ್ಣಿಗೆ ದಪ್ಪ ಪಟ್ಟಿ. ಬಿಸಿಲು ಕಾಯಿಸಿಕೊಳ್ಳುವ ದೊಡ್ಡ ಮನುಷ್ಯರ ಹಾಗೆ ಕೈಕಾಲು ಚೆಲ್ಲಿ ಮಲಗಿದ್ದಳು. ಹಾಲು ಕುಡಿಸುವಾಗ ಮಾತ್ರ ನನ್ನ ಕೈಗೆ ಕೊಡುತ್ತಿದ್ದರು. ನನಗೆ ಹೊಲಿಗೆ ಎಳೆಯುತ್ತಿತ್ತು, ಗೋಡೆ ಹಿಡಿದುಕೊಂಡು ಹೋಗಿ ಬರುತ್ತಿದ್ದೆ.

ಆ ಕೋಣೆಯ ಮುಂದೆ ನಮ್ಮ ಕುಟುಂಬದವರು ಒಬ್ಬೊಬ್ಬರು ಒಂದೊಂದು ಜವಾಬ್ದಾರಿ ಹೊತ್ತುಕೊಂಡರು. ನನ್ನ ಗಂಡ ಕರೆಂಟಿನವರಲ್ಲವೇ, ದೀಪ ಆರಿದರೆ ಏನು ಗತಿ ಎಂಬ ಚಿಂತೆ ಹಿಡಿಯಿತು. ಆಸ್ಪತ್ರೆಯ ಜನರೇಟರ್ ಎಲ್ಲಿದೆ, ಡೀಸೆಲ್ ಎಷ್ಟಿದೆ, ವೈರಿಂಗ್ ಯಾವ ಕಾಲದ್ದು ಎಂದು ವಿಚಾರಿಸುತ್ತ ಓಡಾಡಿದರು. ಸೇಲಂನ ಕರೆಂಟ್ ಆಫೀಸಿಗೆ ಫೋನ್ ಮಾಡಿ ಆ ಬೀದಿಯಲ್ಲಿ ಈ ವಾರ ರಿಪೇರಿ ಕೆಲಸ ಇದೆಯಾ ಎಂದೂ ಕೇಳಿದರು. ಅವರ ದುರದೃಷ್ಟಕ್ಕೆ ಒಂದು ಸಲವೂ ಕರೆಂಟ್ ಹೋಗಲಿಲ್ಲ. ಹೋಗಿದ್ದರೆ ಅವರಿಗೆ ಕೆಲಸ ಸಿಗುತ್ತಿತ್ತು.

ಅಪ್ಪ ಮನೆಗೆ ಹೋಗಿ ನೂಲಿನ ಮಾದರಿಗಳನ್ನು ತಂದರು. ಹಳದಿಯಲ್ಲೇ ಎಷ್ಟೋ ಬಗೆ: ನಿಂಬೆ, ಮಾವು, ಅರಿಸಿನ, ಸಾಸಿವೆ ಹೂವು. ಹಾಲು ಕುಡಿಸಲು ಮಗುವನ್ನು ಹೊರಗೆ ತಂದಾಗ ಒಂದೊಂದೇ ಎಳೆಯನ್ನು ಅದರ ಅಂಗಾಲಿನ ಹತ್ತಿರ ಹಿಡಿದು ನೋಡುತ್ತಿದ್ದರು. ಬೆಳಿಗ್ಗೆ ಮಾವಿನ ಹಣ್ಣಿದ್ದದ್ದು ಸಂಜೆಗೆ ನಿಂಬೆಗೆ ಇಳಿದಿದೆ, ಇನ್ನೊಂದು ದಿನಕ್ಕೆ ಪೂರಾ ಬಿಳಿಚುತ್ತದೆ ಎಂದು ಖಚಿತವಾಗಿ ಹೇಳಿದರು. ನಾವೆಲ್ಲ ಉಸಿರು ಬಿಟ್ಟೆವು. ಅಮ್ಮ ದೇವರಿಗೆ ಕೈ ಮುಗಿದಳು. ಆಮೇಲೆ ಬಂದ ರಕ್ತ ಪರೀಕ್ಷೆಯಲ್ಲಿ ಹಳದಿ ಅಂಶ ಏರಿತ್ತು. ಬೆಳಕಿನಲ್ಲಿದ್ದ ಮಗುವಿನ ಚರ್ಮ ಮೊದಲು ಬಿಳಿಚುತ್ತದೆ, ಒಳಗಿನ ಲೆಕ್ಕ ಬೇರೆ, ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ ಎಂದು ನರ್ಸು ಹೇಳಿ, ಆ ನೂಲನ್ನು ಮಗುವಿನ ಹತ್ತಿರ ತರಬೇಡಿ ಎಂದು ಗದರಿದಳು. ಅಪ್ಪ ಮಾದರಿಗಳನ್ನು ಜೇಬಿಗೆ ಹಾಕಿಕೊಂಡು, ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡೋದೇ ತಪ್ಪು ಎಂದು ಗೊಣಗಿದರು.

ಅತ್ತೆಯ ಜವಾಬ್ದಾರಿ ಹಳದಿಯನ್ನು ಹತ್ತಿರ ಸೇರಿಸದಿರುವುದು. ಹಳದಿಯಿಂದಲೇ ಹಳದಿ ಎಂಬುದು ಅವರ ನಂಬಿಕೆ. ನನ್ನ ಊಟದಿಂದ ಅರಿಸಿನ ಹೋಯಿತು, ಬೇಳೆ ಹೋಯಿತು, ಬಾಳೆಹಣ್ಣು ಹೋಯಿತು. ಉಳಿದದ್ದು ಅನ್ನ, ಹಾಲು, ಬೆಳ್ಳುಳ್ಳಿ. ನನ್ನ ಕತ್ತಿನ ತಾಳಿಯ ದಾರ ಅರಿಸಿನದ್ದು. ತೆಗೆಯುವ ಹಾಗಿಲ್ಲ, ಇಡುವ ಹಾಗಿಲ್ಲ. ಬಹಳ ಯೋಚಿಸಿ, ಕೂಸಿನ ಕಣ್ಣಿಗೆ ಬೀಳದ ಹಾಗೆ ರವಿಕೆಯೊಳಗೆ ಸಿಕ್ಕಿಸಿಕೋ ಅಂದರು. ಕಣ್ಣಿಗೆ ಪಟ್ಟಿ ಕಟ್ಟಿರೋ ಕೂಸು ಹೆಂಗೆ ನೋಡ್ತದೆ ಎಂದು ಅವರ ಮಗ ಕೇಳಿದರೆ, ಅತ್ತೆ ತಾವೇ ದಾರವನ್ನು ಇನ್ನಷ್ಟು ಒಳಗೆ ತಳ್ಳಿದರು. ಸೇಲಂನ ಆಟೋಗಳೆಲ್ಲ ಹಳದಿ ಎಂದು ತಾವೂ ಹತ್ತಲಿಲ್ಲ. ಹೊಸ ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಬಿಸಿಲಲ್ಲಿ ನಡೆದೇ ಬರುತ್ತಿದ್ದರು.

ಮಾರನೆ ದಿನ ಒಂದು ಬಾಟಲಿ ತುಂಬ ಹಸಿರು ರಸ ತಂದರು. ನೆಲನೆಲ್ಲಿ ಅರೆದು ಹಿಂಡಿದ್ದು. ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ನೆನಪಾಗುವುದು ಆ ಗಿಡ. ಮಗುವಿನ ಬಾಯಿಗೆ ಒಂದು ತೊಟ್ಟು ಬಿಡೋಣ ಅಂದರು. ಹಾಲು ಬಿಟ್ಟು ಇನ್ನೇನೂ ಕೊಡಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದರು. ಹಾಗಾದರೆ ಬಾಣಂತಿಗೆ, ಹಾಲಲ್ಲಿ ಇಳಿಯಲಿ ಅಂದರು. ಅದೂ ಬೇಡ ಅಂದರು ಡಾಕ್ಟರು. ಅತ್ತೆ ಬಾಟಲಿ ಕೆಳಗಿಡಲಿಲ್ಲ. ತೋಟದ ಬದುವಿನಲ್ಲಿ ಬಗ್ಗಿ ಬಗ್ಗಿ ಕಿತ್ತು, ಒರಳಲ್ಲಿ ಅರೆದು ತಂದದ್ದು. ಮಗುವಿಗೆ ಆ ರಕ್ತ ಬಂದದ್ದು ಎಲ್ಲಿಂದ ಎಂದು ಡಾಕ್ಟರನ್ನು ಕೇಳಿದರು. ತಂದೆಯಿಂದ ಅಂದರು ಡಾಕ್ಟರು.

ಅತ್ತೆ ಮಗನ ಕಡೆ ತಿರುಗಿ ಲೋಟ ಎಲ್ಲಿ ಅಂದರು.

ನನ್ನ ಗಂಡ ಕುಡಿದರು. ಬೇರೆ ದಾರಿಯೇ ಇರಲಿಲ್ಲ. ಮೂಲದಲ್ಲಿ ಸರಿಯಾದರೆ ಕೊನೆಯಲ್ಲಿ ಸರಿಯಾಗುತ್ತೆ ಎಂಬುದು ಅತ್ತೆಯ ವಾದ, ಕಾಲುವೆ ನೀರಿನ ಹಾಗೆ. ಅವರು ಒಂದೊಂದು ಸಲ ಬಂದಾಗಲೂ ಹೊಸ ಬಾಟಲಿ ಇರುತ್ತಿತ್ತು. ನನ್ನ ಗಂಡ ಮೂಗು ಹಿಡಿದು ಕುಡಿದು, ಮುಖ ಸಿಂಡರಿಸಿಕೊಂಡು, ಮತ್ತೆ ಜನರೇಟರ್ ನೋಡಲು ಹೋಗುತ್ತಿದ್ದರು. ನನಗೆ ಆ ಸ್ಥಿತಿಯಲ್ಲೂ ನಗು ಬರುತ್ತಿತ್ತು, ನಕ್ಕರೆ ಹೊಲಿಗೆ ನೋಯುತ್ತಿತ್ತು.

ಆದರೆ ಮಗುವಿನ ರಕ್ತದಲ್ಲಿ ಹಳದಿ ಅಂಶ ಇಳಿಯಲಿಲ್ಲ. ಇನ್ನೂ ಏರಿತು. ಕೆಳಗಿನಿಂದಲೂ ಬೆಳಕು ಬೀಳುವ ಹಾಗೆ ಇನ್ನೊಂದು ದೀಪ ಹಾಕಿದರು. ಡಾಕ್ಟರು ಕರೆದು, ಇದೇ ರೀತಿ ಏರಿದರೆ ಮಗುವಿನ ರಕ್ತವನ್ನೇ ಬದಲಾಯಿಸಬೇಕಾಗಬಹುದು ಅಂದರು. ಸ್ವಲ್ಪ ಸ್ವಲ್ಪವಾಗಿ ತೆಗೆದು, ಸ್ವಲ್ಪ ಸ್ವಲ್ಪವಾಗಿ ಬೇರೆಯದು ಹಾಕುವುದು. ಹಾಕಬೇಕಾದ್ದು ಓ ಗುಂಪಿನ ಕಣಗಳು. ರಕ್ತನಿಧಿಯಲ್ಲಿ ಸಿಗುತ್ತದೆ, ಅದರ ಬದಲಿಗೆ ಮನೆಯವರು ಯಾರಾದರೂ ರಕ್ತ ಕೊಟ್ಟರೆ ಒಳ್ಳೆಯದು ಅಂದರು.

ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ನನ್ನ ತಲೆಯಲ್ಲಿ ಕೂತಿದ್ದು ಒಂದೇ: ಒಂಬತ್ತು ತಿಂಗಳು ಬೆಚ್ಚಗೆ ಇಟ್ಟುಕೊಂಡಿದ್ದೇನೆ ಎಂದು ನಾನು ತಿಳಿದಿದ್ದಾಗ ನನ್ನ ಮೈ ಒಳಗಿಂದ ಅದರ ಮೇಲೆ ಕಲ್ಲು ತೂರುತ್ತಿತ್ತು. ಮೈ ನನ್ನದೇ, ಆದರೆ ನನ್ನನ್ನು ಒಂದು ಮಾತು ಕೇಳಲಿಲ್ಲ. ಹಾಲು ಕುಡಿಸುವಾಗ ಕೂಡ, ಇದರಲ್ಲೂ ಏನಾದರೂ ಹೋಗುತ್ತದೋ ಎಂದು ಭಯ. ಹಾಲಿನಿಂದ ಒಳ್ಳೆಯದೇ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಿವಿ ಕೇಳಿತ್ತು, ಮನಸ್ಸು ಒಪ್ಪಿರಲಿಲ್ಲ.

ರಕ್ತ ಕೊಡಲು ಮೊದಲು ಹೊರಟವರು ಅಪ್ಪ. ಅವರದು ಓ ಎಂದು ಗೊತ್ತಿತ್ತು. ಎಷ್ಟೋ ವರ್ಷ ಕೆಂಪು ಬಣ್ಣದ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿದವರಿಗೆ ರಕ್ತ ಯಾವ ಲೆಕ್ಕ ಎಂದು ನಾವು ಅಂದುಕೊಂಡೆವು. ಜೊತೆಗೆ ಹೋಗಿದ್ದ ನನ್ನ ಗಂಡ ಆಮೇಲೆ ಹೇಳಿದ್ದು: ಅಪ್ಪ ಮಲಗಿಕೊಂಡೇ ಚೀಲ ತುಂಬುವುದನ್ನು ಬಹಳ ಆಸಕ್ತಿಯಿಂದ ನೋಡಿದರು, ಈ ಕೆಂಪು ಯಾವ ತೊಟ್ಟಿಯಲ್ಲೂ ಬರಲ್ಲ, ಇದರಲ್ಲಿ ಒಂದು ಸ್ವಲ್ಪ ಕಪ್ಪು ಐತೆ ಎಂದು ಅಲ್ಲಿದ್ದವರಿಗೆ ವಿವರಿಸಿದರು, ಆ ಮಾತಿನ ನಡುವೆಯೇ ಕಣ್ಣು ಮೇಲೆ ಮಾಡಿದರು. ಕಾಲು ಎತ್ತಿ ಹಿಡಿದು, ಮುಖಕ್ಕೆ ನೀರು ಹಾಕಿ, ಎಬ್ಬಿಸಬೇಕಾಯಿತು. ಅಮ್ಮನೂ ಕೊಡಲು ಹೋದಳು. ರಕ್ತ ಕಮ್ಮಿ ಐತೆ, ನೀವೇ ಮಾತ್ರೆ ತಗೋಬೇಕು ಎಂದು ವಾಪಸ್ ಕಳಿಸಿದರು. ಅವಳಿಗೆ ಬಹಳ ಅವಮಾನವಾಯಿತು.

ಅತ್ತೆ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡರು. ನಾನು ಕೊಡುತ್ತೇನೆ ಅಂದರು. ಅಮ್ಮ ಅವಕಾಶ ಸಿಕ್ಕಿತು ಎಂದು, ನಿಮ್ಮದು ಬಿ ಅಲ್ಲವಾ, ಬೇಕಾಗಿರುವುದು ಓ ಎಂದು ಕುಟುಕಿದಳು. ಯಾವುದಾದರೇನು, ಬದಲಿಗೆ ತಾನೇ ಕೊಡೋದು, ನಮ್ಮನೆ ರಕ್ತ ಇನ್ಯಾರಿಗಾದರೂ ಆಗುತ್ತದೆ ಎಂದು ಅತ್ತೆ ಹೊರಟರು. ಅವರು ಹುಟ್ಟಿದಾಗಿನಿಂದ ಆಸ್ಪತ್ರೆಗೆ ತಮಗಾಗಿ ಹೋದವರಲ್ಲ. ಇಬ್ಬರು ಮಕ್ಕಳನ್ನು ಹಳ್ಳಿಯ ಮನೆಯಲ್ಲೇ ಹೆತ್ತವರು. ರಕ್ತ ಪರೀಕ್ಷೆ ಅವರಿಗೆ ಅದೇ ಮೊದಲು.

ಬೆರಳು ಚುಚ್ಚಿ, ಗಾಜಿನ ಮೇಲೆ ತೊಟ್ಟು ಹಾಕಿ ನೋಡಿದ ಹುಡುಗಿ, ಓ ಪಾಸಿಟಿವ್ ಅಂದಳು.

ಅತ್ತೆ ನಂಬಲಿಲ್ಲ. ನಮ್ಮದು ಬಿ, ಹಿಂದಿಂದಲೂ ಬಿ ಅಂದರು. ಇನ್ನೊಂದು ಕೈ ಚಾಚಿ, ಈ ಕಡೆ ನೋಡು ಅಂದರು. ಆ ಹುಡುಗಿ ಒಳ್ಳೆಯವಳು, ಇನ್ನೊಂದು ಕೈಯ ಬೆರಳನ್ನೂ ಚುಚ್ಚಿದಳು. ಆ ಕೈಯಲ್ಲೂ ಓ. ಅತ್ತೆ ಮಲಗಿ ರಕ್ತ ಕೊಟ್ಟರು. ಎದ್ದ ಮೇಲೆ ಮಾವಿನ ಹಣ್ಣಿನ ಜ್ಯೂಸ್ ಕೊಟ್ಟರಂತೆ. ಹಳದಿ ಎಂದು ಅದನ್ನು ಮುಟ್ಟಲಿಲ್ಲ. ನೀರು ಕುಡಿದುಕೊಂಡು ಬಂದರು.

ಅವರು ವಾರ್ಡಿಗೆ ಬಂದಾಗ ಡಾಕ್ಟರು ನನ್ನ ಹತ್ತಿರವೇ ಇದ್ದರು. ನನ್ನ ಗಂಡ ವಿಷಯ ಹೇಳಿದರು. ಡಾಕ್ಟರು ಅತ್ತೆಯನ್ನು ನೋಡಿ, ಹಾಗಾದರೆ ನಿಮ್ಮ ಯಜಮಾನರದು ಬಿ ಇರಬೇಕು, ಮಗ ಅವರಿಂದ ತೆಗೆದುಕೊಂಡಿದ್ದಾನೆ, ನೀವೂ ನಿಮ್ಮ ಮಗನೂ ಈ ತಾಯಿ ಮಗುವಿನ ಹಾಗೇ ಅಂದರು. ಹುಟ್ಟಿದಾಗ ನಿಮ್ಮ ಮಗ ಹಳದಿ ಆಗಿದ್ದನಾ ಎಂದು ಕೇಳಿದರು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಆಗಿದ್ದ ಅಂದರು. ಚೆಂಡುಹೂವಿನ ಹಾಗೆ ಇದ್ದ. ಊರಿನವರೆಲ್ಲ ಭಾಗ್ಯವಂತ ಹುಟ್ಟಿದ್ದಾನೆ ಎಂದು ನೋಡಿಕೊಂಡು ಹೋದರು. ಕೂಸು ಸರಿಯಾಗಿ ಹಾಲು ಕುಡಿಯುತ್ತಿರಲಿಲ್ಲ, ಬರೀ ನಿದ್ದೆ. ಅವರ ಅತ್ತೆ, ಹೊಟ್ಟೆಯಲ್ಲಿದ್ದಾಗ ನೀನು ಏನನ್ನೋ ತಿಂದು ಮಗೂನ ಕೆಡಿಸಿದೆ ಎಂದು ಒಂದು ತಿಂಗಳು ಅನ್ನುತ್ತಲೇ ಇದ್ದರು. ಆಮೇಲೆ ಯಾವಾಗಲೋ ತನ್ನಷ್ಟಕ್ಕೆ ಬಣ್ಣ ಇಳಿಯಿತು. ಅದೃಷ್ಟ, ಎಲ್ಲರಿಗೂ ಹಾಗೆ ಇಳಿಯುವುದಿಲ್ಲ, ಈಗ ಬೆಳಕಿದೆ ಎಂದು ಡಾಕ್ಟರು ಹೇಳಿ ಹೊರಟರು.

ಅತ್ತೆ ಬಂದು ನನ್ನ ಹಾಸಿಗೆಯ ತುದಿಗೆ ಕೂತರು. ನಾನು ಮುಟ್ಟದೆ ಇಟ್ಟಿದ್ದ ತಟ್ಟೆಯನ್ನು ಹತ್ತಿರ ಎಳೆದು, ಆರಿಹೋಗಿದ್ದ ಅನ್ನವನ್ನು ಕೈಯಲ್ಲಿ ಕಲಸಿದರು.

"ನಂದೂ ಓ, ನಿಂದೂ ಓ," ಅಂದರು. "ನಾ ನನ್ ಮಗನ್ನ ಏನ್ಮಾಡ್ದೆ? ಏನೂ ಮಾಡ್ನಿಲ್ಲ. ನೀನೂ ಏನೂ ಮಾಡ್ನಿಲ್ಲ. ಅದು ಒಳಗೆ ಅದರ ಪಾಡಿಗೆ ನಡೀತದೆ. ಉಣ್ಣು."

ನಾನು ಅತ್ತುಬಿಟ್ಟೆ. ಮದುವೆಯಾದ ಮೇಲೆ ಅವರು ನನ್ನ ಹತ್ತಿರ ಆಡಿದ ಮಾತುಗಳಲ್ಲಿ ಸಾರು, ಸೀರೆ, ಸಂಬಂಧಿಕರು ಬಿಟ್ಟು ಇನ್ನೇನೂ ಇದ್ದದ್ದು ನೆನಪಿಲ್ಲ. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತುಕೊಂಡಳು. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಒಂದು ನೀರಿನ ಟ್ಯಾಂಕು.

ಅಲ್ಲಿಂದ ವಾರ್ಡಿನ ರಾಜಕೀಯ ಪೂರಾ ತಿರುಗಿತು. ಅತ್ತೆ ನಮ್ಮ ಪಕ್ಷಕ್ಕೆ ಬಂದರು. ಬಂದದ್ದಷ್ಟೇ ಅಲ್ಲ, ನಾಯಕಿಯಾದರು. ಪಕ್ಕದ ಹಾಸಿಗೆಗೆ ಬಂದವರಿಗೆಲ್ಲ, ನಾನು ಓ, ನನ್ನ ಸೊಸೆ ಓ, ನಮ್ಮದು ಯಾರಿಗೆ ಬೇಕಾದರೂ ಕೊಡೋ ರಕ್ತ, ಈ ಗಂಡಸರ ರಕ್ತವೇ ಎಲ್ಲ ಕಡೆ ಜಗಳ ತೆಗೆಯೋದು ಎಂದು ಹೇಳತೊಡಗಿದರು. ಅಮ್ಮನ ವಾದವನ್ನೆಲ್ಲ ಅತ್ತೆ ಎತ್ತಿಕೊಂಡು ಹೋದರು.

ಆಮೇಲೆ ಅತ್ತೆ ಫೋನ್ ತೆಗೆದುಕೊಂಡು ಊರಿನಲ್ಲಿದ್ದ ಮಾವನಿಗೆ ಮಾಡಿದರು. ನನ್ನ ಮಾವ ಹೆಚ್ಚು ಮಾತಿಲ್ಲದ ಮನುಷ್ಯ. ಆ ಹೊತ್ತಿಗೆ ತೋಟದಲ್ಲಿ ಟೊಮೆಟೊ ಬಿಡಿಸಿ ಕ್ರೇಟಿಗೆ ತುಂಬಿಸುತ್ತಿದ್ದರು. ಎಲ್ಲಕ್ಕೂ ನೀನೇ ಕಾರಣ ಎಂದು ಅತ್ತೆ ಆರಂಭಿಸಿದರು. ಮಗನ ಕಾಲದ್ದು, ಮೊಮ್ಮಗಳ ಕಾಲದ್ದು, ಎರಡೂ ಸೇರಿಸಿ ಹೇಳಿದರು. ತನ್ನ ಅತ್ತೆ ಅಂದ ಮಾತುಗಳನ್ನೂ ಸೇರಿಸಿದರು. ಇಷ್ಟು ವರ್ಷ ಅವನ್ನು ಯಾರಿಗೆ ಹಿಂದಿರುಗಿಸಬೇಕು ಎಂದು ಗೊತ್ತಿಲ್ಲದೆ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಕೊನೆಗೆ, ಅಡುಗೆಮನೆಯ ಗೂಡಿನಲ್ಲಿ ಒಂದು ಬಾಟಲಿ ನೆಲನೆಲ್ಲಿ ರಸ ಐತೆ, ಇವತ್ತಿಂದ ನೀನು ಕುಡಿ ಅಂದರು. ಮಾವ ಯಾಕೆ ಎಂದು ಕೇಳಲಿಲ್ಲ. ಉಪ್ಪು ಹಾಕ್ಕೋಬೋದಾ ಎಂದು ಮಾತ್ರ ಕೇಳಿದರು. ನನ್ನ ಗಂಡ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಬಹಳ ದಿನದ ಮೇಲೆ ರಜೆ ಸಿಕ್ಕವರ ಹಾಗೆ ಟೀ ಕುಡಿಯಲು ಹೋದರು.

ಮಗುವಿನ ರಕ್ತ ಬದಲಾಯಿಸಬೇಕಾಗಲಿಲ್ಲ. ಮೇಲೂ ಕೆಳಗೂ ಬೆಳಕು ಹಾಕಿದ ಮೇಲೆ ಅಂಶ ಮೊದಲು ನಿಂತಿತು, ಆಮೇಲೆ ಇಳಿಯತೊಡಗಿತು. ಡಾಕ್ಟರು ಆ ಸುದ್ದಿಯನ್ನು ಕೂಡ ಯಾವ ಸಂಭ್ರಮವಿಲ್ಲದೆ, ಇಳೀತಾ ಇದೆ ಎಂದಷ್ಟೇ ಹೇಳಿದರು. ಅಪ್ಪ ಮತ್ತು ಅತ್ತೆ ಕೊಟ್ಟ ರಕ್ತ ಸೇಲಂನಲ್ಲಿ ಯಾರ ಮೈಯಲ್ಲಿ ಹರಿಯುತ್ತಿದೆಯೋ ನಮಗೆ ಗೊತ್ತಿಲ್ಲ. ಪಾಪ, ಆ ಮನುಷ್ಯ ಟೊಮೆಟೊ ಗಿಡಕ್ಕೆ ನೀರು ಸಾಲದು ಎಂದೋ, ಸೀರೆಯ ಅಂಚು ಬಣ್ಣ ಬಿಡುತ್ತದೆ ಎಂದೋ ಇದ್ದಕ್ಕಿದ್ದ ಹಾಗೆ ಹೇಳಲು ಶುರುಮಾಡಿರಬಹುದು ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ.

ಬಾಣಂತನ ಸೇಲಂನ ತವರಿನಲ್ಲೇ ಆಯಿತು. ಮಗಳ ರಕ್ತ ಕಮ್ಮಿಯಾಗುತ್ತದಾ ಎಂದು ಆಗಾಗ ಕರೆದುಕೊಂಡು ಹೋಗಿ ತೋರಿಸಿದೆವು, ಸ್ವಲ್ಪ ಕಮ್ಮಿಯಾಗಿ ತಾನೇ ಚೇತರಿಸಿಕೊಂಡಿತು. ಬೇಗ ಬೇಗ ಮೈ ತುಂಬಿಕೊಂಡಳು. ಡಾಕ್ಟರು ಒಂದು ವಿಷಯ ಮಾತ್ರ ಉಳಿಸಿದ್ದರು: ಕಿವಿ. ಅಂಶ ಅಷ್ಟು ಏರಿದ್ದ ಮಕ್ಕಳಿಗೆ ಒಂದು ಸಲ ಕಿವಿ ಪರೀಕ್ಷೆ ಮಾಡಿಸಿಬಿಡಿ, ಹೆಚ್ಚಾಗಿ ಏನೂ ಇರುವುದಿಲ್ಲ ಅಂದಿದ್ದರು. ಆ ಹೆಚ್ಚಾಗಿ ಎಂಬ ಮಾತು ನನ್ನ ಜೊತೆ ಗಂಡನ ಮನೆಗೂ ಬಂತು. ಮಗು ಮಲಗಿದ್ದಾಗ ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಓಡಿ ಹೋಗಿ ನೋಡುತ್ತಿದ್ದೆ. ಕೆಲವು ಸಲ ಬೆಚ್ಚುತ್ತಿದ್ದಳು, ಕೆಲವು ಸಲ ಇಲ್ಲ. ಅತ್ತೆಯೂ ನೋಡುತ್ತಿದ್ದರು ಅಂತ ಕಾಣುತ್ತದೆ, ಯಾಕೆಂದರೆ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ತಟ್ಟೆಗಳು ಬಹಳ ಬೀಳುತ್ತಿದ್ದವು.

ಧರ್ಮಪುರಿಯಲ್ಲಿ ಕಿವಿ ಪರೀಕ್ಷೆಗೆ ಹೋದ ದಿನ ಅಮ್ಮ ಸೇಲಂನಿಂದ ನೇರ ಅಲ್ಲಿಗೇ ಬಂದಳು. ನಾನು, ಮಗು, ಇಬ್ಬರು ಅಜ್ಜಿಯರು ಒಂದು ಸಣ್ಣ ಕೋಣೆಯಲ್ಲಿ. ಪರೀಕ್ಷೆ ಮಾಡುವವರು ವಯಸ್ಸಾದ ಗಂಡಸು. ಮಗು ಮಲಗಿರಬೇಕು, ಕೋಣೆ ನಿಶ್ಶಬ್ದವಾಗಿರಬೇಕು, ಕಿವಿಯಲ್ಲಿ ಸಣ್ಣ ಬತ್ತಿಯಂಥದ್ದು ಇಟ್ಟರೆ ಯಂತ್ರವೇ ಸದ್ದು ಕಳಿಸಿ, ಕಿವಿ ಕೊಡುವ ಉತ್ತರವನ್ನು ಹಿಡಿಯುತ್ತದೆ ಅಂದರು. ಹಾಲು ಕುಡಿಸಿ ಮಲಗಿಸಿದೆ. ಅವರು ಬತ್ತಿ ಇಟ್ಟರು. ಅತ್ತೆ ಅಮ್ಮನ ಕಿವಿಯಲ್ಲಿ, ನಿಮ್ಮ ಮಗಳು ಕೂಸನ್ನು ಬಿಗಿಯಾಗಿ ಸುತ್ತಿದ್ದಾಳೆ, ಸೆಕೆ ಅಂದರು. ಅಮ್ಮ ಅತ್ತೆಯ ಕಿವಿಯಲ್ಲಿ, ಸೇಲಂನಲ್ಲಿ ನಾವು ಹೀಗೇ ಸುತ್ತೋದು ಅಂದಳು. ಯಂತ್ರದಲ್ಲಿ ಕೆಂಪು ದೀಪ ಬಂತು.

ಅವರು ಇನ್ನೊಮ್ಮೆ ಮಾಡಿದರು. ಈ ಸಲ ಅಜ್ಜಿಯರು ಗಾಬರಿಯಿಂದ ಕೆಂಪು ಅಂದರೇನು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮತ್ತೆ ಕೆಂಪು. ಆ ಮನುಷ್ಯ ಬಹಳ ಶಾಂತವಾಗಿ ಯಂತ್ರ ಕೆಳಗಿಟ್ಟು, ಅಮ್ಮಾ, ಇದು ಮಗು ಕಿವಿಯದಲ್ಲ, ನಿಮ್ಮಿಬ್ಬರ ಮಾತಿನದು ಎಂದು ಹೇಳಿ, ಬಾಗಿಲು ತೆಗೆದು, ಇಬ್ಬರನ್ನೂ ಹೊರಗೆ ಕೂರಿಸಿ ಬಂದರು. ಕೋಣೆ ನಿಶ್ಶಬ್ದವಾಯಿತು. ಫ್ಯಾನು ಕೂಡ ನಿಲ್ಲಿಸಿದರು. ಬಲ ಕಿವಿ, ಹಸಿರು. ಎಡ ಕಿವಿ, ಹಸಿರು.

ಅವರು, ಚೆನ್ನಾಗಿ ಕೇಳುತ್ತೆ, ಹೋಗಿ ಬನ್ನಿ ಅಂದರು. ಹೊರಗೆ ಬಂದಾಗ ಅಜ್ಜಿಯರಿಬ್ಬರೂ ಬೆಂಚಿನ ಮೇಲೆ ಕೈ ಕೈ ಹಿಡಿದು ಕೂತಿದ್ದರು. ನನ್ನನ್ನು ಕಂಡ ಕೂಡಲೇ ಬಿಟ್ಟರು. ಎರಡು ಕಿವಿಯೂ ಚೆನ್ನಾಗಿ ಕೇಳುತ್ತಂತೆ ಎಂದೆ. ಅತ್ತೆ ಮೊಮ್ಮಗಳನ್ನು ನನ್ನಿಂದ ಎತ್ತಿಕೊಂಡರು. ಅಮ್ಮ ಕಣ್ಣು ಒರೆಸಿಕೊಂಡು, "ಅಂಗಾದ್ರೆ ಇಷ್ಟು ದಿನ ನಾವ್ ಮಾತಾಡಿದ್ದೆಲ್ಲ ಕೇಳೈತೆ," ಅಂದಳು.

ಇಬ್ಬರೂ ಒಂದು ಕ್ಷಣ ಮಗುವನ್ನು ನೋಡಿದರು. ಅಲ್ಲಿಂದ ಬಸ್‌ಸ್ಟ್ಯಾಂಡಿನವರೆಗೂ ಯಾರೂ ಬಾಯಿ ಬಿಡಲಿಲ್ಲ. ಅಮ್ಮನನ್ನೂ ಎರಡು ದಿನ ಇದ್ದು ಹೋಗಲಿ ಎಂದು ಪಾಲಕೋಡಿಗೆ ಕರೆದುಕೊಂಡು ಹೊರಟೆವು. ಬಸ್ಸು ಹೊರಡುವಾಗ ಕಿಟಕಿ ಪಕ್ಕದ ಸೀಟಿನಲ್ಲಿ ಗಾಳಿಗೆ ಮಗುವನ್ನು ಯಾರು ಇಟ್ಟುಕೊಂಡು ಕೂರಬೇಕು ಎಂದು ಮಾತು ಬಂತು. ಇಬ್ಬರೂ ಮಗುವಿಗೆ ಕೇಳಬಾರದು ಎಂದು ಪಿಸುಮಾತಿನಲ್ಲಿ, ತಮಿಳಿನಲ್ಲಿ ಜಗಳವಾಡಿದರು.